ಹರಿಗೋಲಿನಲ್ಲಿ ಅವ್ವ

ಹೋದ ವರ್ಷ ಶ್ರಾವಣದ ಒಂದು ಭಾನುವಾರ, ರಾರಾವಿ ಕಡೆಯ ಹೊಳೆದಂಡೆಯಲ್ಲಿ ಅಂಬಿಗರು ಹರಿಗೋಲುಗಳಿಗೆ ಪೂಜೆ ಮಾಡುತ್ತಾರೆಂದು ಕೇಳಿ, ಅವ್ವನನ್ನು ಕರೆದುಕೊಂಡು ಬಳ್ಳಾರಿಯಲ್ಲಿ ಸಿರುಗುಪ್ಪದ ಬಸ್ಸು ಹತ್ತಿದೆ. ಅವ್ವ ಹುಟ್ಟಿ ಬೆಳೆದದ್ದು ಕುರುಗೋಡಿನ ಗುಡ್ಡದ ಬುಡದಲ್ಲಿ. ಅರವತ್ತೆಂಟು ತುಂಬಿದರೂ ಅವಳು ಯಾವತ್ತೂ ಹರಿಗೋಲು ಹತ್ತಿರಲಿಲ್ಲ.

ನಾವು ದಂಡೆ ಮುಟ್ಟುವಷ್ಟರಲ್ಲಿ ಮಳೆ ಹಿಡಿದಿತ್ತು. ಹೊಳೆ ಕೆಂಪಗೆ ತುಂಬಿತ್ತು. ಪೂಜೆ ಮುಗಿಸಿ ಹರಿಗೋಲುಗಳನ್ನು ಬೋರಲು ಹಾಕಿದ್ದರು. ಹೊಳೆ ತುಂಬಿದ್ದರಿಂದ ಸಂಜೆ ನಡೆಯಬೇಕಿದ್ದ ಹರಿಗೋಲು ಪಂದ್ಯವೂ ಇಲ್ಲವೆಂದರು.

"ವಾಪಸ್ ಹೋಗಾಣೇನವ್ವಾ?" ಎಂದೆ.

"ಇಷ್ಟು ದೂರ ಬಂದೀವಿ. ನೋಡಿ ಹೋಗಾಣ."

ತಗಡಿನ ಚಪ್ಪರದಡಿ ಅಡುಗೆ ಮಾಡುತ್ತಿದ್ದ ಅಂಬಿಗರ ಹೆಂಗಸೊಬ್ಬಳು, "ನೆನೀಬ್ಯಾಡ್ರಿ, ಒಳಗ ಬರ್ರಿ" ಎಂದು ಕರೆದಳು. ಒಂದು ಒಲೆಯ ಮೇಲೆ ಮೀನಿನ ಸಾರು, ಇನ್ನೊಂದರ ಮೇಲೆ ಪುಂಡಿಪಲ್ಯ. ನಮ್ಮದು ಮೀನು ಮುಟ್ಟದ ಮನೆ. ಅವ್ವ ಮೂಗು ಮುಚ್ಚಿಕೊಂಡಾಳೆಂದು ನನಗೆ ಹೆದರಿಕೆ. ಅವಳು ನೋಡಿದರೆ ಸಾರಿನ ಪಾತ್ರೆಗೆ ಬಗ್ಗಿ, "ಸಣ್ಣ ಮಕ್ಕಳು ಮುಳ್ಳು ಹೆಂಗ ತೆಗೀತಾವ?" ಎಂದು ಕೇಳಿದಳು. ಆ ಹೆಂಗಸು ಒಂದು ಮೀನನ್ನು ತಟ್ಟೆಗೆ ಹಾಕಿ ಬಿಡಿಸಿ ತೋರಿಸಿದಳು. ಅವ್ವ ತಿನ್ನಲಿಲ್ಲ, ಆದರೆ ಕೊನೆಯ ಮುಳ್ಳಿನವರೆಗೂ ಕಣ್ಣು ಕೀಳಲಿಲ್ಲ. ನಾವಿಬ್ಬರೂ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು.

ಮಳೆ ಸಣ್ಣಗಾಯಿತು. ಅವ್ವನ ಪ್ರಶ್ನೆ ಮುಗಿದಿರಲಿಲ್ಲ.

"ಹರಿಗೋಲು ದುಂಡಗ ಐತಿ. ಮುಂದ ಯಾವ್ದು, ಹಿಂದ ಯಾವ್ದು?"

"ಕುಂತ್ರ ಗೊತ್ತಾಗತೈತಿ, ಏಳ್ರಿ."

ದಂಡೆಯ ಹಿಂದಿನ ತಗ್ಗಿನಲ್ಲಿ ಮೊಣಕಾಲುದ್ದ ಮಳೆನೀರು ನಿಂತಿತ್ತು. ಆ ಹೆಂಗಸು ಸಣ್ಣ ಹರಿಗೋಲೊಂದನ್ನು ಅಲ್ಲಿಗೆ ಎಳೆದು, ಅವ್ವನನ್ನು ಕೂರಿಸಿ, ಕೈಗೆ ಹುಟ್ಟು ಕೊಟ್ಟು, ಹಗ್ಗ ಹಿಡಿದು ನಿಂತಳು. ಅವ್ವ ನೀರು ಎಳೆದಳು. ಹರಿಗೋಲು ಗಿರಗಿರನೆ ತಿರುಗಿತು.

"ಏ, ನಿಂದ್ರಸವ್ವಾ!"

"ಪಕ್ಕಕ್ಕ ಅಲ್ರಿ, ಮುಂದ ಹಾಕಿ ನಿಮ್ಮ ಕಡಿ ಎಳಕೋರಿ."

ಮತ್ತೆ ತಿರುಗಿತು. ನಾನು ಸಾಕು ಇಳಿ ಎಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ತುಟಿ ಬಿಗಿದಿದ್ದಳು. ಹತ್ತೋ ಹನ್ನೆರಡೋ ಸಲ ಸೋತ ಮೇಲೆ ಹರಿಗೋಲು ಎರಡು ಮಾರು ನೆಟ್ಟಗೆ ನನ್ನ ಕಡೆ ಬಂತು. ಆ ಹೆಂಗಸು ಚಪ್ಪಾಳೆ ತಟ್ಟಿದಳು.

ವಾಪಸ್ ಬಸ್ಸಿನಲ್ಲಿ ಅವ್ವ ಚಿಕ್ಕವ್ವನಿಗೆ ಫೋನು ಹಚ್ಚಿದಳು. "ಹೊಳಿ ದಾಟಿದೆ ನೋಡು, ನಾನೇ ಹುಟ್ಟು ಹಾಕಿ."

ನಾನು ಅವಳ ಮುಖ ನೋಡಿದೆ. ಅವಳು ನಾಚಿಕೆಯಿಲ್ಲದೆ ನಕ್ಕು, ಹೊಳೆಯ ಅಗಲವನ್ನು ಕೈ ಅಗಲಿಸಿ ತೋರಿಸತೊಡಗಿದಳು.