ಅಪಾಯದ ಲೆಕ್ಕ ಕಲಿಯಲು ಎಲ್ಲಿಗೆ ಹೋಗಬೇಕು

ಆಕ್ಚುಯರಿ ಎಂದರೆ ಯಾರು ಎಂಬುದು ಈ ಯುಗಾದಿಯವರೆಗೆ ನನಗೆ ತಿಳಿದಿರಲಿಲ್ಲ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿರುವ ನಾನು ಹಳಗನ್ನಡದ ಪದ್ಯವನ್ನಾದರೂ ಬಿಡಿಸಿಯೇನು, ಕುಕ್ಕರ್ ಎಷ್ಟು ಸಲ ಕೂಗಿತು ಎಂಬ ಲೆಕ್ಕ ಮಾತ್ರ ಪ್ರತಿದಿನ ತಪ್ಪುತ್ತೇನೆ. ಇಂಥವಳ ಹೊಟ್ಟೆಯಲ್ಲಿ ಸಿಂಚನ ಹುಟ್ಟಿದಳು. ದ್ವಿತೀಯ ಪಿಯು ಪರೀಕ್ಷೆ ಮುಗಿದ ಮಾರನೆಯ ದಿನ ಬೆಳಗಿನ ಉಪ್ಪಿಟ್ಟಿನ ಮುಂದೆ ಕುಳಿತು, “ಅಮ್ಮ, ನಾನು ಆಕ್ಚುಯೇರಿಯಲ್ ಸೈನ್ಸ್ ಓದ್ತೀನಿ” ಎಂದಳು. ನಾನು ಧೈರ್ಯವಾಗಿ “ಓದು” ಎಂದೆ. ಅವಳು ಸ್ನಾನಕ್ಕೆ ಹೋದ ಮೇಲೆ ಫೋನಿನಲ್ಲಿ ಅದೇನೆಂದು ಹುಡುಕಿದೆ.

ವಿಷಯ ಇಷ್ಟು. ಯಾರ ಮನೆಗೆ ಬೆಂಕಿ ಬೀಳಬಹುದು, ಯಾರು ಎಷ್ಟು ವರ್ಷ ಬದುಕಬಹುದು, ಅದಕ್ಕೆ ಈಗಿನಿಂದಲೇ ಎಷ್ಟು ಹಣ ಎತ್ತಿಡಬೇಕು ಎಂದು ವಿಮೆಯವರ ಪರವಾಗಿ ಲೆಕ್ಕ ಹಾಕುವವರು ಇವರು. ಪದವಿಯೊಂದೇ ಸಾಲದು, ಅದರ ಜೊತೆಗೆ ಸಾಲು ಸಾಲು ವೃತ್ತಿ ಪರೀಕ್ಷೆಗಳನ್ನೂ ಪಾಸು ಮಾಡಬೇಕು. “ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ” ಎಂದು ನಂಬಿ ಬದುಕಿದ ನಮ್ಮ ಜನಕ್ಕೆ ಇದೊಂದು ಹೊಸ ವಿದ್ಯೆ. ಹಾಗೆಂದು ನಾವು ಅಪಾಯವನ್ನು ಅಳೆಯದವರೇನಲ್ಲ, ಅಳತೆಗೋಲು ಬೇರೆ, ಅಷ್ಟೆ. “ಮುಂದಿನ ವರ್ಷ ರೋಡ್ ಬರುತ್ತೆ” ಎಂದು ಯಾರೋ ಹೇಳಿದ್ದನ್ನು ನಂಬಿ ನನ್ನ ಯಜಮಾನರು ಹೇರೋಹಳ್ಳಿಯಲ್ಲಿ ಸೈಟು ಕೊಂಡರು. ಸಿಂಚನ ಆಗ ಅಂಬೆಗಾಲಿಡುತ್ತಿದ್ದಳು. ರಸ್ತೆ ಈಗಲೂ ಮುಂದಿನ ವರ್ಷವೇ ಬರುತ್ತದೆ.

ಎರಡು ಕಡೆ ಸೀಟು ಸಿಕ್ಕಿತು. ಒಂದು ಕೆಂಗೇರಿ ಆಚೆಯ ಹೊಸ ವಿಶ್ವವಿದ್ಯಾಲಯ. ವಿಜಯನಗರದ ನಮ್ಮ ಮನೆಯಿಂದ ಮೆಟ್ರೋ ಹತ್ತಿದರೆ ಸಂಜೆ ಕಾಫಿಯ ಹೊತ್ತಿಗೆ ಮಗಳು ಮನೆಯಲ್ಲಿರುತ್ತಾಳೆ. ಇನ್ನೊಂದು ಮುಂಬಯಿಯದು, ಹಳೆಯದು, ಹೆಸರಾದದ್ದು. ಸೋಮವಾರ ಸಂಜೆ ಐದರೊಳಗೆ ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕಿತ್ತು. ಯಜಮಾನರು “ನೀವು ಹೆಂಗಸರು ಹೇಗೆ ಹೇಳ್ತೀರೋ ಹಾಗೆ” ಎಂದು ಪೇಪರಿನ ಹಿಂದೆ ಅಡಗಿಕೊಂಡರು.

ಟೀಚರಿಗೆ ಗೊತ್ತಿರುವ ದಾರಿ ಒಂದೇ, ಅಂಕ ಹಾಕುವುದು. ಪಾಠ ಹೇಳುವವರು, ವೃತ್ತಿ ಪರೀಕ್ಷೆಯ ತಯಾರಿ, ಗ್ರಂಥಾಲಯ, ಮುಂದೆ ಕೆಲಸ ಎಂದು ಗೆರೆ ಎಳೆದು ಎರಡೂ ಕಡೆಗೆ ಪ್ರಾಮಾಣಿಕವಾಗಿ ಅಂಕ ಕೊಟ್ಟೆ. ಮುಂಬಯಿ ಹನ್ನೊಂದು ಅಂಕದಿಂದ ಗೆದ್ದುಬಿಟ್ಟಿತು. ಆಗ ನೆನಪಾಯಿತು, ಇಪ್ಪತ್ತು ಆಂತರಿಕ ಅಂಕ ಇನ್ನೂ ಹಾಕಿಲ್ಲವಲ್ಲ! ಮನೆ ಊಟ, ಜ್ವರ ಬಂದರೆ ಮೆಣಸಿನ ಸಾರು, ಪರಿಚಯದ ಡಾಕ್ಟರು ಇವೆಲ್ಲ ಸೇರಿ ಕೆಂಗೇರಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂತು. ಮುಂಬಯಿಗೆ, ಸಮುದ್ರವಿದೆಯೆಂಬ ಮರ್ಯಾದೆಗೆ, ನಾಲ್ಕು.

ಸಿಂಚನ ಪಟ್ಟಿಯನ್ನು ನೋಡಿ ಕೇಳಿದಳು, “ನಿನ್ನ ಕ್ಲಾಸಲ್ಲಿ ಯಾರಿಗಾದ್ರೂ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿದೀಯಾ?”

“ಇಲ್ದಿದ್ರೆ ಪಾಸಾಗದವರಿಗೆ ಕೊಟ್ಟಿದೀನಿ” ಎಂದೆ. ಹೇಳಿದ ಮೇಲೆ ಏನು ಹೇಳಿದೆನೆಂದು ಅರ್ಥವಾಯಿತು.

ನನ್ನ ಅತ್ತೆ ದಾವಣಗೆರೆಯ ಕಡೆಯವರು, ಅಂಕಪಟ್ಟಿಯನ್ನು ನಂಬುವವರಲ್ಲ. ಹೆಣ್ಣು ತರುವುದಿರಲಿ, ಹಲ್ಲು ಕೀಳಿಸುವುದಿರಲಿ, ಅವರು ಗುಡಿಗೆ ಹೋಗಿ ಹೂ ಕೇಳುತ್ತಾರೆ. ದೇವರ ಮೈಮೇಲಿನ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ. ಭಾನುವಾರ ಮೊಮ್ಮಗಳನ್ನೂ ಕರೆದುಕೊಂಡು ಬಡಾವಣೆಯ ವೀರಭದ್ರನ ಮುಂದೆ ನಿಂತು, “ಕೆಂಗೇರಿ ಆದ್ರೆ ಬಲಕ್ಕೆ ಕೊಡಪ್ಪಾ” ಎಂದರಂತೆ. ಅರ್ಧ ಗಂಟೆಯೊಳಗೆ ಗೆದ್ದ ಮುಖದಲ್ಲಿ ಹಿಂದಿರುಗಿದರು, ಕೈಯಲ್ಲಿ ಕಣಗಿಲೆ.

“ಅಜ್ಜಿ, ದೇವರ ಎಡಗಡೆ ಗೋಡೆಗೆ ಫ್ಯಾನ್ ಇದೆ. ಆ ಗಾಳಿಗೆ ಯಾವಾಗ್ಲೂ ಬಲಗಡೆ ಹೂವೇ ಬೀಳೋದು. ನಾನು ಎಷ್ಟು ಸಲ ನೋಡಿದೀನಿ” ಎಂದಳು ಸಿಂಚನ.

“ಆ ಫ್ಯಾನು ಅಲ್ಲೇ ಹಾಕ್ಸಿದ್ದು ಯಾರು? ಅವನೇ ಅಲ್ಲೇನು?” ಎಂದರು ಅತ್ತೆ.

ಈ ಮಾತಿಗೆ ಉತ್ತರ ಕೊಡುವ ವಿಶ್ವವಿದ್ಯಾಲಯ ಇನ್ನೂ ಹುಟ್ಟಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಅದೇ ಗುಡಿಗೆ ಹೋಗುವವರಿಗೆ ಫ್ಯಾನಿನ ಗಾಳಿ ಎತ್ತ ಬೀಸುತ್ತದೆಂದು ತಿಳಿಯದೆ ಇರುತ್ತದೆಯೇ? ಮುಂಬಯಿಯನ್ನು ಬಲಕ್ಕೆ ಕೇಳಬಹುದಿತ್ತಲ್ಲ? ನಾನು ಅವರ ಮುಖ ನೋಡಿದೆ. ಅವರು ಹೂವನ್ನು ಕಣ್ಣಿಗೊತ್ತಿಕೊಂಡು ಸರಸರನೆ ಒಳಗೆ ಹೋದರು. ಅತ್ತೆ ಸೊಸೆ ಒಂದೇ ಪಕ್ಷದಲ್ಲಿದ್ದದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಸಿಂಚನ ಮಾತ್ರ ಈ ನಡುವೆ ಮಾಡಬೇಕಾದ ಕೆಲಸ ಮಾಡಿದ್ದಳು. ಎರಡೂ ಕಡೆಯ ವಿದ್ಯಾರ್ಥಿಗಳನ್ನು ಹುಡುಕಿ ಫೋನು ಮಾಡಿದ್ದಳು. ಕೆಂಗೇರಿಯ ಹುಡುಗಿ, “ಲೆಕ್ಚರರ್ಸ್ ಒಳ್ಳೆಯವರು ಕಣೇ, ಆದ್ರೆ ಈ ಕೆಲಸ ಮಾಡಿ ಬಂದವರು ಯಾರೂ ಇಲ್ಲ” ಎಂದಳಂತೆ. ಮುಂಬಯಿಯಲ್ಲಿ ವಿಮೆ ಕಂಪನಿಗಳಿಂದಲೇ ಬಂದು ಪಾಠ ಹೇಳುತ್ತಾರೆ, ಆದರೆ ವೃತ್ತಿ ಪರೀಕ್ಷೆಯಲ್ಲಿ ಅಲ್ಲಿಯೂ ಫೇಲಾಗಿ ಮತ್ತೆ ಕಟ್ಟುವವರು ಬೇಕಾದಷ್ಟು. ಹೊಳೆಯುವ ಕಟ್ಟಡದ ಫೋಟೋ ನೋಡುವುದನ್ನು ಬಿಟ್ಟು ಫೇಲಾದವರನ್ನು ಮಾತಾಡಿಸಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಸೋಮವಾರ ಮೂರು ಗಂಟೆಗೆ ಅವಳು ನನ್ನ ಪಟ್ಟಿಯನ್ನು ತಂದು ಮುಂದಿಟ್ಟಳು. ಆಂತರಿಕ ಅಂಕದ ಸಾಲನ್ನು ಹೊಡೆದುಹಾಕಿ, ಅಲ್ಲಿ ‘ಭಯ’ ಎಂದು ಬರೆದಿದ್ದಳು.

“ಅಮ್ಮ, ಸುಮ್ನೆ ಸಾರು, ಡಾಕ್ಟರು ಅಂತೆಲ್ಲ ಬರೀಬೇಡ. ನಾನು ಮುಂಬಯಿಗೆ ಹೋಗೋದಕ್ಕೆ ಹತ್ತಕ್ಕೆ ಎಷ್ಟು ಭಯ ನಿಂಗೆ?”

“ಎಂಟು” ಎಂದೆ.

“ನಂಗೆ ಒಂಬತ್ತು” ಎಂದಳು.

ನಾನು ಬೆಚ್ಚಿದೆ. ಇಷ್ಟು ದಿನ ಅವಳಿಗೆ ಭಯವೇ ಇಲ್ಲವೆಂದು ಅವಳ ಪಾಲಿನದ್ದನ್ನೂ ನಾನೇ ಪಡುತ್ತಿದ್ದೆ. “ಹಾಗಾದ್ರೆ ಯಾಕೆ ಹೋಗ್ತೀಯ ಕಣೇ?” ಎಂದೆ.

“ಕೆಂಗೇರಿಗೆ ಹೋದ್ರೆ ಭಯ ಇರಲ್ಲ ಅಮ್ಮ. ಆದ್ರೆ ಮೂರು ವರ್ಷ ಆದ್ಮೇಲೆ, ಮುಂಬಯಿಗೆ ಹೋಗಬೇಕಿತ್ತು ಅನ್ಸುತ್ತೆ. ಅದನ್ನ ಹತ್ತರಲ್ಲಿ ಅಳೆಯೋಕಾಗಲ್ಲ.”

ಒಂಬತ್ತರ ಭಯ ಇಟ್ಟುಕೊಂಡವಳು ಹೊರಟು ನಿಂತಿರುವಾಗ ಎಂಟರವಳು ಅಡ್ಡ ನಿಲ್ಲುವುದು ಯಾವ ನ್ಯಾಯ? ಕನ್ನಡಕ ಹಾಕಿಕೊಂಡೆ. ಅವಳ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡು, ಮುಂಬಯಿಯ ಹೆಸರಿನ ಎದುರಿದ್ದ ಒಪ್ಪಿಗೆಯ ಗುಂಡಿಯನ್ನು ನಾನೇ ಒತ್ತಿದೆ. ಸುಳ್ಳೇಕೆ, ಅಳು ಬಂತು, ಹೆಮ್ಮೆಯೂ ಬಂತು.

ಪರದೆಯ ಮೇಲೆ ಹಸಿರು ಗುರುತು ಮೂಡಿತು. ಸಿಂಚನ ಅದನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಭುಜಕ್ಕೆ ತಲೆಯಾನಿಸಿದಳು.

“ನಂಗೀಗ ಹತ್ತಕ್ಕೆ ಏಳು, ಅಮ್ಮ” ಎಂದಳು.