ಭಾನುವಾರದ ಕಾರು

ಚಿಂತೆ ಮಾಡುವುದು ನನಗೆ ಹವ್ಯಾಸವಲ್ಲ, ಅರೆಕಾಲಿಕ ಉದ್ಯೋಗ. ಹಗಲೆಲ್ಲ ದುಬೈಯ ಆಫೀಸಿನಲ್ಲಿ ಬೇರೆಯವರ ಸರಕಿನ ಕಾಗದಪತ್ರ ತಿದ್ದಿ, ಅಲ್ ಬರ್ಷಾದ ಫ್ಲಾಟಿಗೆ ಬಂದ ಮೇಲೆ ನನ್ನ ಎರಡನೆಯ ಪಾಳಿ ಶುರುವಾಗುತ್ತದೆ. ಗ್ಯಾಸ್ ಆರಿಸಿದೆಯಾ, ಮಗಳ ಪಾಸ್‌ಪೋರ್ಟಿನ ಅವಧಿ ಎಷ್ಟಿದೆ, ಏಸಿಯಲ್ಲಿ ಆ ಸದ್ದು ನಿನ್ನೆಯೂ ಇತ್ತಾ? "ನಿಮಗೆ ಚಿಂತೆ ಮಾಡ್ಲಿಕ್ಕೆ ಎಂತ ಸಿಗದಿದ್ದರೆ ಅದೊಂದು ಚಿಂತೆ" ಎನ್ನುತ್ತಾಳೆ ಹೆಂಡತಿ. ಮಗಳು ಫೋನಿನಿಂದ ತಲೆ ಎತ್ತದೆ, "ಪಪ್ಪಾ, ಪ್ಲೀಸ್, ಚಿಲ್" ಎನ್ನುತ್ತಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುವುದು ನಮ್ಮ ಮನೆಯ ಕಾನೂನು.

ಆ ವರ್ಷ ನನ್ನ ಈ ಉದ್ಯೋಗಕ್ಕೆ ತಕ್ಕ ಕೆಲಸವೊಂದು ಸಿಕ್ಕಿತು. ಇಂಗ್ಲೆಂಡಿನ ಒಂದು ಹಳ್ಳಿಯಿಂದ ಗೆಳೆಯ ಫೋನ್ ಮಾಡಿದ್ದ.

ಈ ಗೆಳೆಯ ಯಾರೆಂದು ಹೇಳಬೇಕು. ನಾನು ದುಬೈಗೆ ಬಂದ ಹೊಸತರಲ್ಲಿ ಅಲ್ ಮುರಕ್ಕಬಾತ್‌ನ ಒಂದು ಕೋಣೆಯಲ್ಲಿ ಆರು ಜನ ಇದ್ದೆವು; ನನ್ನ ಮೇಲಿನ ಮಂಚ ಅವನದು. ಉಡುಪಿ ಕಡೆಯವನು, ಬೆಸ್ತರ ಕೇರಿಯಲ್ಲಿ ಬೆಳೆದವನು. ಆಮೇಲೆ ಅಬುಧಾಬಿಯ ಒಂದು ಹೋಟೆಲಿನಲ್ಲಿ ಸ್ಟೋರು ನೋಡಿಕೊಳ್ಳುವ ಕೆಲಸ ಹಿಡಿದ, ಅಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳನ್ನು ಮದುವೆಯಾದ. ಶುಕ್ರವಾರ ನಾವು ಅವನ ಮನೆಗೆ ಹೋದರೆ ಅವನು ಮೊದಲು ನನ್ನನ್ನು ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದ. ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ, ಮಾರುವವನ ಜೊತೆ ನಾಲ್ಕು ಭಾಷೆಯಲ್ಲಿ ಜಗಳವಾಡಿ, ಗೆದ್ದ ಮೇಲೆ ಮನೆಗೆ ಹೋಗುವ ಬದಲು ಎಲ್ಲಾದರೂ ಒಂದು ತುಂಡು ಮರಳಿನ ಕಡಲತೀರ ಹುಡುಕುವನು. ಚಪ್ಪಲಿ ಬಿಚ್ಚಿ ಹೊಯ್ಗೆಯಲ್ಲಿ ಸುಮ್ಮನೆ ನಿಲ್ಲುವನು. ಕಾರಿನಲ್ಲಿ ಮೀನಿನ ಐಸು ಕರಗುತ್ತಿದೆ ಎಂದು ನಾನು ಚಡಪಡಿಸುತ್ತಿದ್ದರೆ, "ಒಂದು ನಿಮಿಷ ಮಾರಾಯ, ಕಾಲಿಗೆ ಊರು ಸಿಗ್ಲಿ" ಎನ್ನುವನು.

ಹೆಂಡತಿಗೆ ಇಂಗ್ಲೆಂಡಿನ ಹಳ್ಳಿಯೊಂದರ ವೃದ್ಧಾಲಯದಲ್ಲಿ ಕೆಲಸ ಸಿಕ್ಕಿ ಅವರು ಹೋದರು. ಸುತ್ತ ಗೋಧಿ ಗದ್ದೆ, ಕುರಿ, ಕಡಲು ಕಾರಿನಲ್ಲಿ ಒಂದು ತಾಸಿನ ದಾರಿ. ಅವನ ಸಕ್ಕರೆ ಕಾಯಿಲೆ ಅಲ್ಲಿಗೂ ಜೊತೆಗೇ ಹೋಯಿತು. ಪಾದದ ಸ್ಪರ್ಶ ಹೋಗಿ ಬ್ರೇಕು ಎಲ್ಲಿದೆಯೆಂದೇ ತಿಳಿಯದಂತಾದಾಗ ಡ್ರೈವಿಂಗ್ ಬಿಟ್ಟ, ಕಾರು ಮಾರಿದ. ಅವಳಿಗೆ ಡ್ರೈವಿಂಗ್ ಬರದು; ಜೊತೆಯ ಕೆಲಸದವಳ ಕಾರಿನಲ್ಲಿ ಹೋಗಿಬರುತ್ತಿದ್ದಳು.

"ಮುಂದಿನ ತಿಂಗಳು ಎಡದ ಕಾಲು ತೆಗೀತಾರಂತೆ" ಎಂದ ಫೋನಿನಲ್ಲಿ, ಹಳೆಯ ಸೋಫಾ ತೆಗೆಯುವ ಸುದ್ದಿ ಹೇಳಿದ ಹಾಗೆ. "ಸೋಮವಾರ ಬೆಳಿಗ್ಗೆ. ಅದಕ್ಕಿಂತ ಮೊದಲು ಒಂದ್ಸಲ ಹೊಯ್ಗೆಯಲ್ಲಿ ನಿಲ್ಲಬೇಕು. ಎರಡೂ ಕಾಲಲ್ಲಿ. ಇಲ್ಲಿಯವರ ಹತ್ರ ಹೇಳಿದ್ರೆ ನಗಾಡ್ತಾರೆ. ನೀನು ಬರ್ತಿಯಾ? ಕಾರು ಮಾಡ್ಕೊಂಡು ಬಾ."

ಬರುತ್ತೇನೆ ಎಂದೆ. ಹೇಳಿ ಫೋನಿಟ್ಟ ಕ್ಷಣದಿಂದಲೇ ಎರಡನೆಯ ಪಾಳಿ ಶುರುವಾಯಿತು.

ನಾನು ಕಾರು ಕಲಿತದ್ದೇ ದುಬೈಯಲ್ಲಿ, ರಸ್ತೆಯ ಬಲಬದಿಯಲ್ಲಿ. ಇಂಗ್ಲೆಂಡಿನಲ್ಲಿ ನಮ್ಮ ಊರಿನ ಹಾಗೆ ಎಡಬದಿ. ಆದರೆ ನಮ್ಮ ಊರಿನಲ್ಲಿ ನಾನು ಬಸ್ಸಿನಲ್ಲಿ ಜೋತಾಡಿದ್ದೇ ಹೊರತು ಏನನ್ನೂ ಓಡಿಸಿದವನಲ್ಲ. ಲಂಡನ್ನಿನಲ್ಲಿ ಕಾರು ಮುಟ್ಟುವ ಧೈರ್ಯವಿರಲಿಲ್ಲ. ಆದ್ದರಿಂದ ಯೋಜನೆ ಹೀಗೆ: ಲಂಡನ್ನಿನಿಂದ ದೊಡ್ಡ ರೈಲು, ನಡುವೆ ಇಳಿದು ಎರಡು ಡಬ್ಬಿಯ ಸಣ್ಣ ರೈಲು, ಅದು ಮುಟ್ಟಿಸುವ ಸಂತೆಪೇಟೆಯ ಸ್ಟೇಷನ್ನಿನ ಪಕ್ಕದಲ್ಲಿ ಬಾಡಿಗೆ ಕಾರು. ಅಲ್ಲಿಂದಾಚೆ ಗದ್ದೆ ನಡುವಿನ ಖಾಲಿ ರಸ್ತೆ. ಗುದ್ದಿದರೂ ಬೇಲಿಗೇ ಗುದ್ದುವುದು.

ಅಭ್ಯಾಸಕ್ಕೆಂದು ಪಾರ್ಕಿಂಗಿನಲ್ಲಿ ನಿಂತ ನಮ್ಮ ಕಾರಿನ ಬಲಬದಿಯ ಸೀಟಿನಲ್ಲಿ ಕುಳಿತು, ಇಲ್ಲದ ಸ್ಟೀರಿಂಗ್ ತಿರುಗಿಸಿ, ಇಲ್ಲದ ವೃತ್ತಗಳನ್ನು ಸುತ್ತುತ್ತಿದ್ದೆ. ಒಂದು ದಿನ ವಾಚ್‌ಮನ್ ಗಾಜು ತಟ್ಟಿ ಬಹಳ ಮರ್ಯಾದೆಯಿಂದ ಹೇಳಿದ: "ಭಾಯ್‌ಸಾಬ್, ಸ್ಟೀರಿಂಗ್ ಉಸ್ ತರಫ್ ಹೈ." ಅಂದಿನಿಂದ ಅವನು ನನ್ನ ಹೆಂಡತಿಗೆ ಮಾತ್ರ ನಮಸ್ಕಾರ ಮಾಡತೊಡಗಿದ.

ಗಲ್ಫಿನಲ್ಲಿ ಯಾರೂ ಒಬ್ಬರೇ ಪ್ರವಾಸ ಯೋಜಿಸುವುದಿಲ್ಲ. ಶುಕ್ರವಾರದ ಊಟಕ್ಕೆ ಸೇರಿದ ಸಮಿತಿ ಅದನ್ನು ಮಂಜೂರು ಮಾಡಬೇಕು. ಆಗ ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ಹೊಸ ವಾರದ ಮೊದಲ ದಿನ, ಎಲ್ಲರೂ ಮುಖ ಗಂಟಿಕ್ಕಿಕೊಂಡು ಮೆಟ್ರೋ ಹತ್ತುವ ದಿನ. ನಾವು ಕ್ರೈಸ್ತರು ಭಾನುವಾರದ ಪೂಜೆಯನ್ನೂ ಶುಕ್ರವಾರವೇ ಮುಗಿಸಿಬಿಡುತ್ತಿದ್ದೆವು. ದೇವರೇ ಆಫೀಸಿನ ಸಮಯಕ್ಕೆ ಹೊಂದಿಕೊಂಡ ಮೇಲೆ ನಮ್ಮದೇನು?

ಹಾಗೆ ಪೂಜೆ ಮುಗಿಸಿ ಬಂದ ಒಂದು ಶುಕ್ರವಾರ ಸನ್ನ, ಕೋಳಿ ಸಾರಿನ ನಡುವೆ ನನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟೆ. ವೀಸಾದ ಗಡಿಬಿಡಿಯಲ್ಲಿ ನಾನು ಲಂಡನ್ ಮುಟ್ಟುವುದೇ ಶುಕ್ರವಾರ ರಾತ್ರಿ ಎಂದಾಗಿತ್ತು. ಶನಿವಾರ ಬೆಳಿಗ್ಗೆ ರೈಲು ಹಿಡಿಯುವುದಾ, ಭಾನುವಾರವಾ?

ಎದುರು ಮನೆಯ ಐಟಿಯವರು, ಮೈಸೂರಿನವರು, ಕನ್ನಡಕ ಏರಿಸಿ ನೋಡಿದರು. "ಸಾರ್, ಪ್ಲಾನ್ ಸೂಪರ್. ರೈಲು ಬದಲಿಸೋ ಕಡೆ ಇನ್ನೊಂಚೂರು ಬಫರ್ ಇಡಿ."

ನನ್ನ ಸೋದರತ್ತೆಯ ಮಗ, ಆಸ್ಪತ್ರೆಯ ಲ್ಯಾಬಿನಲ್ಲಿರುವವನು, ಕೋಳಿಯ ಕಾಲನ್ನು ಬೆತ್ತದ ಹಾಗೆ ನನ್ನತ್ತ ತೋರಿಸಿದ. "ಶನಿವಾರ ಮಾತ್ರ ಬೇಡ ಮಾರಾಯ. ರಜೆ ದಿನ, ಕಾರಿನ ಆಫೀಸು ಮುಚ್ಚಿದ್ರೆ ಎಂತ ಮಾಡ್ತಿ? ಆದಿತ್ಯವಾರ ಇಡು. ವರ್ಕಿಂಗ್ ಡೇ, ಟೆನ್ಶನ್ ಇಲ್ಲ."

"ಹೌದು ಹೌದು" ಎಂದಳು ನನ್ನ ಹೆಂಡತಿ. "ಹೌದು ಸಾರ್, ಅದೇ ಸೇಫು" ಎಂದರು ಮೈಸೂರಿನವರು. ನನಗೂ ಅದೇ ಹೊಳೆದಿತ್ತು. ಇನ್ನೊಬ್ಬರ ಬಾಯಲ್ಲಿ ಬಂದಾಗ ಎಂಥ ಮುನ್ನೆಚ್ಚರಿಕೆ ಎನ್ನಿಸಿತು. ಊರಿನಲ್ಲಿ ಕುಳಿತು ಓದುತ್ತಿರುವ ನೀವು ಈಗಾಗಲೇ ನಗುತ್ತಿರಬಹುದು. ಆ ಮೇಜಿನ ಸುತ್ತ ಒಬ್ಬರೂ ನಗಲಿಲ್ಲ. ಎಲ್ಲರೂ ಓದಿದವರು, ಎಲ್ಲರೂ ಭಾನುವಾರದ ರಜೆಯಲ್ಲೇ ಹುಟ್ಟಿ ಬೆಳೆದವರು. ಗಲ್ಫು ನಮ್ಮಿಂದ ತೆಗೆದುಕೊಂಡ ವಸ್ತುಗಳ ಬಗ್ಗೆ ನಾವು ಆಗಾಗ ಅಳುತ್ತೇವೆ. ಭಾನುವಾರವನ್ನು ತೆಗೆದುಕೊಂಡದ್ದು ನಮಗೆ ಗೊತ್ತೇ ಆಗಿರಲಿಲ್ಲ.

ವೆಬ್‌ಸೈಟೂ ಭಾನುವಾರವನ್ನು ಒಪ್ಪಿಕೊಂಡಿತು. ಅದು ಯಾವುದೋ ದಲ್ಲಾಳಿಯದು. ಅಂಗಡಿ ತೆರೆದಿರುವ ವೇಳೆಯನ್ನು ನೀವೇ ವಿಚಾರಿಸಿಕೊಳ್ಳಿ ಎಂದು ಕೆಳಗೆಲ್ಲೋ ಒಂದು ಸಾಲು ಇತ್ತು. ಕುರಿಗೆ ಗುದ್ದಿದರೆ ವಿಮೆ ಬರುತ್ತದೆಯೇ ಎಂಬ ಷರತ್ತನ್ನು ಹುಡುಕುತ್ತಿದ್ದ ನನಗೆ ಅದು ಕಾಣಲಿಲ್ಲ. ಗೆಳೆಯನಿಗೆ ಫೋನಿನಲ್ಲಿ, ಭಾನುವಾರ ಮಧ್ಯಾಹ್ನದೊಳಗೆ ಕಾರಿನೊಂದಿಗೆ ನಿನ್ನ ಬಾಗಿಲಲ್ಲಿರುತ್ತೇನೆ ಎಂದೆ. "ಎಲ್ಲ ವಿಚಾರಿಸಿದಿಯಲ್ಲ?" ಎಂದ. "ನನ್ನನ್ನು ಗೊತ್ತಿಲ್ವಾ ನಿಂಗೆ?" ಎಂದೆ. "ಗೊತ್ತುಂಟು ಗೊತ್ತುಂಟು" ಎಂದು ನಕ್ಕ.

ಶನಿವಾರ ಇಡೀ ದಿನ ಲಂಡನ್ನಿನ ಹೋಟೆಲಿನ ಇಕ್ಕಟ್ಟು ಕೋಣೆಯಲ್ಲಿ ಕುಳಿತು, ಇಂಗ್ಲಿಷ್ ವೃತ್ತಗಳನ್ನು ಸುತ್ತುವುದು ಹೇಗೆಂಬ ವೀಡಿಯೊ ನೋಡಿದೆ. ಕಿಟಕಿಯಿಂದ ರೈಲುಗಳು ಹೋಗುವುದು ಕಾಣುತ್ತಿತ್ತು. ಅವತ್ತು ಮಧ್ಯಾಹ್ನದವರೆಗೂ ಆ ಕಾರಿನ ಅಂಗಡಿ ತೆರೆದಿತ್ತೆಂದು ನನಗೆ ತಿಳಿದದ್ದು ಸೋಮವಾರ.

ಭಾನುವಾರ ಸ್ಟೇಷನ್ನಿಗೆ ಹೋದರೆ ಹಳಿ ರಿಪೇರಿ, ಅರ್ಧ ದಾರಿ ಬಸ್ಸಿನಲ್ಲಿ ಹೋಗಿ ಎಂದರು. ಕೆಲಸದ ದಿನ ನೋಡಿ ಹಳಿ ಬಿಚ್ಚಿ ಕೂತಿದ್ದಾರಲ್ಲ, ಇವರೇನಾ ಲೋಕಕ್ಕೆಲ್ಲ ರೈಲು ಕಲಿಸಿದವರು ಎಂದು ಬೈದುಕೊಂಡೆ. ಬಸ್ಸು ಬಹುತೇಕ ಖಾಲಿ. ಆಫೀಸಿಗೆ ಹೋಗುವವರು ಮೊದಲೇ ಹೋಗಿರಬೇಕು ಎಂದುಕೊಂಡೆ. ಇಷ್ಟೆಲ್ಲ ಸೂಚನೆ ಸಿಕ್ಕರೂ ಮನಸ್ಸಿಗೆ ನಾಟಲಿಲ್ಲ.

ಸಂತೆಪೇಟೆಯಲ್ಲಿ ಇಳಿದಾಗ ಎಲ್ಲೋ ಚರ್ಚಿನ ಗಂಟೆ ಹೊಡೆಯುತ್ತಿತ್ತು. ಕಾರಿನ ಅಂಗಡಿಯ ಗೇಟಿಗೆ ಬೀಗ. ತಂತಿಬಲೆಯ ಹಿಂದೆ ನಾಲ್ಕೈದು ಕಾರುಗಳು ಮಳೆಗೆ ಮಿಂದು ನಿಂತಿದ್ದವು. ಅದರಲ್ಲಿ ಒಂದು ನನ್ನದು. ನಾನು ಬೀಗ ಅಲುಗಿಸಿದೆ, ಗಂಟೆ ಒತ್ತಿದೆ, ಯಾರಾದರೂ ಚಾ ಕುಡಿಯಲು ಹೋಗಿರಬಹುದೆಂದು ಮೆಟ್ಟಿಲ ಮೇಲೆ ಕುಳಿತೆ. ನಾಯಿ ಹಿಡಿದುಕೊಂಡು ಬಂದ ಒಬ್ಬಳು ಮುದುಕಿ ನಿಂತು ನೋಡಿದಳು.

"ಇವತ್ತು ಭಾನುವಾರ ಅಲ್ವೇನಪ್ಪಾ" ಎಂದಳು ಇಂಗ್ಲಿಷಿನಲ್ಲಿ, ದಯೆಯಿಂದ.

"ಹೌದು, ಅದಕ್ಕೇ ಬಂದೆ" ಎಂದೆ ನಾನು. ಹೇಳುತ್ತಿರುವಾಗಲೇ ಅರ್ಥವಾಯಿತು.

ಊರಿನ ಒಬ್ಬನೇ ಟ್ಯಾಕ್ಸಿಯವನು ಯಾರದೋ ನಾಮಕರಣಕ್ಕೆ ಹೋಗಿದ್ದ. ಗೆಳೆಯನಿಗೆ ತಡವಾಗುತ್ತದೆ ಎಂದಷ್ಟೇ ಮೆಸೇಜು ಕಳಿಸಿದೆ. ಅವನು ಬಂದು ನನ್ನನ್ನು ಹಳ್ಳಿಗೆ ಮುಟ್ಟಿಸುವಾಗ ನವೆಂಬರಿನ ಬೆಳಕು ಸೋರಿಹೋಗುತ್ತಿತ್ತು. ಕಡಲಿಗೆ ಬರುತ್ತೀಯಾ ಎಂದು ಕೇಳಿದೆ. "ಈಗಲಾ? ತಲುಪುವಾಗ ನಿಮಗೆ ಕತ್ತಲು ಬಿಟ್ಟರೆ ಬೇರೇನೂ ಕಾಣದು" ಎಂದು ತಿರುಗಿಸಿಕೊಂಡು ಹೋದ.

ಗೆಳೆಯ ಕಿಟಕಿಯ ಬಳಿ ಕುಳಿತಿದ್ದ. ಕೋಟು ತೊಟ್ಟು, ಕುತ್ತಿಗೆಗೆ ಮಫ್ಲರ್ ಸುತ್ತಿ, ಬ್ಯಾಂಡೇಜಿನ ಕಾಲಿಗೆ ಎರಡು ಅಳತೆ ದೊಡ್ಡ ಬೂಟು ಹಾಕಿಕೊಂಡಿದ್ದ. ಬೆಳಗಿನಿಂದ ಹಾಗೇ ಇದ್ದನಂತೆ. ನಾನು ಒಳಗೆ ಬಂದಾಗ ಅವನು ನನ್ನನ್ನು ನೋಡಲಿಲ್ಲ, ನನ್ನ ಬೆನ್ನ ಹಿಂದೆ ರಸ್ತೆ ನೋಡಿದ.

"ಕಾರು ಎಲ್ಲಿ?"

ಹೇಳಿದೆ. ಅವನು ಮೊದಲು ನಕ್ಕ, ಅಲ್ ಮುರಕ್ಕಬಾತ್‌ನ ಮೇಲಿನ ಮಂಚದಿಂದ ಕೇಳುತ್ತಿದ್ದ ಅದೇ ನಗೆ. "ಆದಿತ್ಯವಾರ ಅಂಗಡಿ ತೆರೆಯುವುದು ನಿಮ್ಮ ಗಲ್ಫಿನಲ್ಲಿ ಮಾತ್ರ, ಕತ್ತೆ" ಎಂದ. ಆಮೇಲೆ ನಗೆ ನಿಂತಿತು.

"ಚಿಂತೆ ಮಾಡ್ಲಿಕ್ಕೆ ನೀನಿದ್ದಿ ಅಂತ ನಾನು ಮಾಡ್ಲಿಲ್ಲ" ಎಂದ. "ನಾನೇ ಒಂದು ಫೋನು ಹೊಡೀತಿದ್ದೆ ಆ ಅಂಗಡಿಗೆ. ಇವನೇ ಎಲ್ಲ ನೋಡಿರ್ತಾನೆ, ನೋಡದೆ ಇರ್ಲಿಕ್ಕಿಲ್ಲ ಅಂತ ಸುಮ್ಮನೆ ಕೂತೆ."

ಅವನ ಹೆಂಡತಿ ನನಗೆ ಚಾ ಕೊಟ್ಟಳು, ನನ್ನ ಮುಖ ನೋಡಲಿಲ್ಲ. ನೆಲದ ಮೇಲೆ ಕುಳಿತು ಅವನ ಬೂಟುಗಳ ಲೇಸು ಬಿಚ್ಚತೊಡಗಿದಳು. ಬಲದ್ದನ್ನು ಬಾಗಿಲ ಬಳಿ ಇಟ್ಟಳು. ಎಡದ್ದನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡುವುದೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ತೆಗೆದುಕೊಂಡು ಹೋದಳು.

ಮರುದಿನ ಬೆಳಗಾಗುವ ಮೊದಲೇ ಆಸ್ಪತ್ರೆಯ ವ್ಯಾನು ಬಂದು ಅವರನ್ನು ಕರೆದುಕೊಂಡು ಹೋಯಿತು. ನನಗೆ ಕಾರು ಅದಾದ ಮೇಲೆ ಸಿಕ್ಕಿತು. ಕೌಂಟರಿನ ಹುಡುಗಿ ಬಹಳ ಸಂಕಟಪಟ್ಟು, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ ಎಂದಳು. ಎಡಬದಿಯಲ್ಲಿ ಓಡಿಸುವುದು ಎಷ್ಟು ಸುಲಭವಾಗಿತ್ತೆಂದರೆ ಸಿಟ್ಟು ಬಂತು. ವೃತ್ತಗಳು ತಾವಾಗಿ ತಿರುಗಿದವು, ಕುರಿಗಳು ಬೇಲಿಯೊಳಗೇ ಇದ್ದವು. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಒಂದು ಕವಲಿನಲ್ಲಿ ಕಡಲಿಗೆ ದಾರಿ ಎಂಬ ಹಲಗೆ ಕಂಡಿತು. ನಾನು ಆಸ್ಪತ್ರೆಯ ಕಡೆ ತಿರುಗಿಸಿದೆ.

ದುಬೈಗೆ ಮರಳಿದ ಮೊದಲ ಶುಕ್ರವಾರವೇ ಸಮಿತಿ ಸೇರಿತು. ನಡೆದದ್ದನ್ನು ಹೇಳಿದೆ. "ಛೆ ಛೆ" ಎಂದರು ಎಲ್ಲರೂ. ಸೋದರತ್ತೆಯ ಮಗ ಮೀನಿನ ಮುಳ್ಳನ್ನು ಬಹಳ ಆಸಕ್ತಿಯಿಂದ ಬಿಡಿಸುತ್ತ, "ನೀನಾದ್ರೂ ಒಮ್ಮೆ ವಿಚಾರಿಸ್ಬೇಕಿತ್ತು, ನೋಡು" ಎಂದ. ಮೈಸೂರಿನವರು ಹೊರಡುವಾಗ ಬಾಗಿಲಲ್ಲಿ ನಿಂತು, ಬೇಸಿಗೆಯಲ್ಲಿ ಅವರೂ ಆ ಕಡೆ ಹೋಗುವವರಿದ್ದರು, "ಸಾರ್, ಆ ಪ್ಲಾನ್ ನಂಗೊಂದು ಫಾರ್ವರ್ಡ್ ಮಾಡಿ, ವಾರ ಮಾತ್ರ ಚೇಂಜ್ ಮಾಡ್ಕೋತೀನಿ" ಎಂದರು. ಕಳಿಸಿದೆ. ಅವರ ಪ್ರವಾಸ ಬಹಳ ಚೆನ್ನಾಗಿ ಆಯಿತಂತೆ.

ಗೆಳೆಯ ಬದುಕಿದ್ದಾನೆ. ಹೆಂಡತಿ ಮನೆಯಲ್ಲಿರುವ ದಿನವೆಂದು ಭಾನುವಾರವೇ ಫೋನ್ ಮಾಡುತ್ತಾನೆ. ಇಲ್ಲಿಯ ರಜೆಯೂ ಶನಿವಾರ, ಭಾನುವಾರಕ್ಕೆ ಬದಲಾಗುವವರೆಗೆ ನಾನು ಆ ಹೊತ್ತಿಗೆ ಆಫೀಸಿನಲ್ಲಿರುತ್ತಿದ್ದೆ, ಮೀಟಿಂಗಿನಿಂದ ಎದ್ದು ಮೆಟ್ಟಿಲಿನ ಕಡೆಗೆ ಹೋಗಿ ಮಾತಾಡುತ್ತಿದ್ದೆ. ಪ್ರತಿ ಸಲವೂ ಅವನ ಮೊದಲ ಪ್ರಶ್ನೆ ಒಂದೇ. ಶುರುವಿನಲ್ಲಿ ಅದು ತಮಾಷೆ ಎಂದುಕೊಂಡಿದ್ದೆ.

ಒಂದು ಸಲ ಮಾತ್ರ ಕಡಲಿನ ಸುದ್ದಿ ಬಂತು. ನೆರೆಮನೆಯವರು ಕರೆದುಕೊಂಡು ಹೋಗಿದ್ದರಂತೆ. "ಹೊಯ್ಗೆಯಲ್ಲಿ ಗಾಲಿಕುರ್ಚಿ ಹೂತುಹೋಗ್ತದೆ ಮಾರಾಯ" ಎಂದ. "ಕಾರಿನೊಳಗೆ ಕೂತು ನೋಡಿದೆ. ಗಾಜು ಹಾಕಿಕೊಂಡು."

ಗಾಳಿ ಇತ್ತಾ ಎಂದು ಕೇಳಿದೆ. ಫೋನು ಇಡುತ್ತಾನೆಂದುಕೊಂಡೆ. ಇಡಲಿಲ್ಲ, ಮೊದಲು ಕೇಳಿದ್ದನ್ನೇ ಮತ್ತೆ ಕೇಳಿದ.

"ಇವತ್ತು ವಾರ ಯಾವುದು, ಹೇಳು?"

"ಆದಿತ್ಯವಾರ" ಎಂದೆ.

"ಹಾಂ" ಎಂದ.