ಅಕ್ಕನ ಕೋಣೆಯ ಚಳಿ

ಕಳೆದ ವಾರ ಒಂದು ಸಂಜೆ ಅಕ್ಕನ ಕೋಣೆಯಲ್ಲಿ ಎಣ್ಣೆ ದೀಪ ಹಚ್ಚಿ ಕುಳಿತೆ. ಅವಳು ತೀರಿಕೊಂಡ ಮೇಲೆ ಅಲ್ಲಿ ದೀಪ ಹಚ್ಚಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಏಸಿ ತಾನಾಗಿಯೇ ಜೋರಾಯಿತು. ಇನ್ನಷ್ಟು ಹೊತ್ತಿಗೆ ನನ್ನ ಕಾಲು ನಡುಗತೊಡಗಿತು.

ಮೊಬೈಲ್ ತೆಗೆದು ನೋಡಿದೆ. ಕೋಣೆಯಲ್ಲಿ ಮೂವತ್ತು ಡಿಗ್ರಿ ಎನ್ನುತ್ತಿತ್ತು! ಮೂವತ್ತು ಡಿಗ್ರಿಯಲ್ಲಿ ಯಾರಿಗಾದರೂ ಚಳಿಯಾಗುತ್ತದೆಯೇ?

ಇದೇ ಪ್ರಶ್ನೆಯನ್ನು ನಾನು ಅಕ್ಕನಿಗೆ ಕೇಳಿದ್ದೆ. ಒಮ್ಮೆಯಲ್ಲ, ಹೆಚ್ಚುಕಡಿಮೆ ದಿನವೂ.

ಹೆಮ್ಮಾಡಿಯ ನನ್ನ ಮನೆ ನಿಮಗೆ ಗೊತ್ತು. (ಈ ಅಂಕಣದಲ್ಲೇ ಅದರ ಬಗ್ಗೆ ಬೇಕಾದಷ್ಟು ಕೊಚ್ಚಿಕೊಂಡಿದ್ದೇನೆ.) ಮುಂಬೈಯ ಹೋಟೆಲ್ ಬಿಟ್ಟು ಬಂದು ಕಟ್ಟಿಸಿದ ಸ್ಮಾರ್ಟ್ ಮನೆ. ಲೈಟು, ಫ್ಯಾನು, ಏಸಿ ಎಲ್ಲ ನನ್ನ ಮೊಬೈಲಿನಲ್ಲಿ. ಪ್ರತಿ ಕೋಣೆಯ ಗೋಡೆಗೂ ಒಂದು ಬಿಳಿ ಡಬ್ಬಿ. ಅದು ಸೆಕೆ ಅಳೆದು ಏಸಿಗೆ ಹೇಳುತ್ತದೆ. ಸೆಕೆ ಹೆಚ್ಚಿದರೆ ಏಸಿಯೂ ಹೆಚ್ಚುತ್ತದೆ.

ಗಂಡ ಹೋದ ಮೇಲೆ ಅಕ್ಕನನ್ನು ಹಟ ಮಾಡಿ ಕರೆತಂದೆ. ನನ್ನನ್ನು ಸಾಕಿದವಳು ಅವಳೇ. ಆಯುಸ್ಸೆಲ್ಲ ಒಲೆಯ ಮುಂದೆ ಬೆವರಿದ ಜೀವ, ಇನ್ನಾದರೂ ತಣ್ಣಗಿರಲಿ ಎಂದುಕೊಂಡೆ. ದೇವರ ಕೋಣೆಯಲ್ಲಿ ಎಣ್ಣೆ ದೀಪ ಬೇಡ, ಮಾರ್ಬಲ್ ಕರಿಯಾಗುತ್ತದೆ ಎಂದವನೂ ನಾನೇ. ಅವಳು ಜಗಳವಾಡಲಿಲ್ಲ. ತನ್ನ ಕೋಣೆಯ ಹಲಗೆಯ ಮೇಲೆ ಪಟವಿಟ್ಟು ಅಲ್ಲೇ ದೀಪ ಹಚ್ಚತೊಡಗಿದಳು. ಬಿಳಿ ಡಬ್ಬಿಯ ಕೆಳಗೇ.

ಸಂಜೆಯಾದರೆ ಶುರು.

"ಹ್ವಾಯ್ ಮಾಣಿ, ನಂಗ್ ಚಳಿ ಆತಿತ್ತ್. ಆ ಮಿಷನ್ ಬಂದ್ ಮಾಡ್."

(ಎಪ್ಪತ್ತು ದಾಟಿದರೂ ನಾನು ಅವಳಿಗೆ ಮಾಣಿಯೇ, ಪುಟ್ಟ ಹುಡುಗನೇ.)

"ಎಂತ ಚಳಿ ಅಕ್ಕ? ಇಕಾ, ಮೊಬೈಲ್ ಕಾಣ್. ಮೂವತ್ ಡಿಗ್ರಿ!"

"ಹಂಗಾರೆ ಸೆಕೆ ಆಪ್ದ್ ನಿನ್ ಮೊಬೈಲಿಗೆ. ಅದ್ಕೇ ಗಾಳಿ ಹಾಕ್."

ನಾನು ನಕ್ಕೆ. ಅವಳು ನಗಲಿಲ್ಲ. ಕೈ ಚಾಚಿದಳು.

"ಮೊಬೈಲ್ ಬದಿಗಿಡ್. ನನ್ ಕೈ ಮುಟ್ಟಿ ಕಾಣ್."

ನಾನು ಮುಟ್ಟಲಿಲ್ಲ. ವಯಸ್ಸಾಯಿತಲ್ಲ ಎಂದು ಇನ್ನೊಂದು ಕಂಬಳಿ ತಂದುಕೊಟ್ಟೆ. ಏಸಿ ನಿಲ್ಲಿಸಲು ಒಂದು ಬೆರಳು ಸಾಕಿತ್ತು. ಆದರೆ ನಿಲ್ಲಿಸಿದರೆ ನನ್ನ ಮನೆ ಸೋತಂತೆ ಅಲ್ಲವೇ? ಮನೆ ನೋಡಲು ಬಂದವರ ಮುಂದೆ ಒಂದು ದಿನ ಹೇಳಿಯೂಬಿಟ್ಟೆ: "ಮಿಷನ್ ಸರಿ ಇತ್ತ್. ನಮ್ ಅಕ್ಕಂಗೇ ತಲಿ ಸಮ ಇಲ್ಲೆ."

ಅಕ್ಕ ಬಾಗಿಲಲ್ಲೇ ನಿಂತಿದ್ದಳು.

ಮರುದಿನ ಚೀಲ ಹಿಡಿದು ಹೊರಟಳು.

"ಬಿಜೂರಿಗೆ ಮಗ್ಳ್ ಮನಿಗ್ ಹೋತೆ ಮಾಣಿ. ಅಲ್ಲ್ ಬಚ್ಚಲೊಲಿ ಇತ್ತ್. ಎದ್ರ್ ಕೂಕಂಡ್ರೆ ಮೈ ಬೆಚ್ಚಗಾತ್ತ್."

"ಮತ್ತೆ ಬಪ್ದ್ ಯಾವಾಗ?"

"ನಿನ್ ಮೊಬೈಲಿಗೆ ಸೆಕೆ ಕಡ್ಮಿ ಆದ್ಮೇಲೆ."

ಬರಲಿಲ್ಲ. ಮಳೆಗಾಲದಲ್ಲಿ ಅಲ್ಲೇ ಹೋದಳು. ಬಿಜೂರಿಗೆ ಓಡಿದೆ, ಅವಳ ಕೈ ಹಿಡಿದೆ. ತಣ್ಣಗಿತ್ತು. ಆಗ ಎಲ್ಲರ ಕೈಯೂ ತಣ್ಣಗೇ ಇರುತ್ತದೆ. ಅದರಿಂದ ಏನು ತಿಳಿದೀತು?

ತಿಳಿದದ್ದು ಕಳೆದ ವಾರ, ನನ್ನ ಕಾಲು ನಡುಗಿದಾಗ. ಅವಳ ಹಲಗೆಯ ಮೇಲೇ ಹಚ್ಚಿಟ್ಟಿದ್ದ ದೀಪ ಆರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಮೊಬೈಲಿನ ಡಿಗ್ರಿ ಇಳಿಯಿತು, ಏಸಿ ಸುಮ್ಮನಾಯಿತು. ಡಬ್ಬಿ ಅಷ್ಟು ದಿನವೂ ಅಳೆದದ್ದು ದೀಪದ ಬಿಸಿಯನ್ನು. ಅವಳು ದೇವರಿಗೆ ದೀಪ ಹಚ್ಚಿದಾಗಲೆಲ್ಲ ನನ್ನ ಮನೆ ಅವಳ ಮೈಮೇಲೆ ಚಳಿ ಸುರಿದಿತ್ತು.

ತಪ್ಪು ಡಬ್ಬಿಯದು ಎಂದು ನಿಮ್ಮಲ್ಲಿ ಕೆಲವರು ನನಗೆ ಸಮಾಧಾನ ಹೇಳಬಹುದು. ದಯವಿಟ್ಟು ಬೇಡ. ಪಾಪ, ಅದು ತನಗೆ ತಾಗಿದ್ದನ್ನು ಹೇಳಿತು. ಅಕ್ಕನೂ ತನಗೆ ತಾಗಿದ್ದನ್ನೇ ಹೇಳಿದ್ದಳು. ಇಬ್ಬರಲ್ಲಿ ನಾನು ನಂಬಿದ್ದು ಡಬ್ಬಿಯನ್ನು.

ಚಿಕ್ಕಂದಿನಲ್ಲಿ ನಾನು ಮಂಕಾಗಿ ಕುಳಿತರೆ ಸಾಕು, ಅಕ್ಕ ಕೆಲಸ ಬಿಟ್ಟು ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಅವಳಾಗಿಯೇ ಚಾಚಿದ ಕೈಯನ್ನು ಒಮ್ಮೆ ಮುಟ್ಟಿ ನೋಡಲು ನನಗೇನಾಗಿತ್ತು?